ಮಿಲ್ ಕಡೆಯೋ, ಚಾಪೆಲ್ ಕಡೆಯೋ

ಕೋಲ್ಡರ್‌ಶಾ ಊರಿನ ರಗ್ಬಿ ಕ್ಲಬ್ಬಿನಲ್ಲಿ ಯಾವ ದೊಡ್ಡ ವಿಷಯವೂ ಕೈ ಎತ್ತಿ ತೀರ್ಮಾನವಾಗುವುದಿಲ್ಲ, ಚೀಟಿ ಹಾಕಿಯೂ ಅಲ್ಲ. ಅಲ್ಲಿ ಕಾಲು ತೀರ್ಮಾನ ಮಾಡುತ್ತದೆ. ಸದಸ್ಯರೆಲ್ಲ ಮೈದಾನಕ್ಕೆ ಇಳಿಯಬೇಕು. ಆಗಲಿ ಎನ್ನುವವರು ಮಿಲ್ ಕಡೆಯ ಗೋಲುಕಂಬಗಳ ಕೆಳಗೆ ಹೋಗಿ ನಿಲ್ಲಬೇಕು, ಬೇಡ ಎನ್ನುವವರು ಚಾಪೆಲ್ ಕಡೆಯ ಕಂಬಗಳ ಕೆಳಗೆ. ಕೆಲಸ ಬಿಟ್ಟು ಆಡಲು ಬಂದವನಿಗೆ ಆ ದಿನದ ಕೂಲಿ ಕಟ್ಟಿಕೊಡಬೇಕೋ ಬೇಡವೋ ಎಂದು ಉತ್ತರದ ಕ್ಲಬ್ಬುಗಳು ದಕ್ಷಿಣದ ದೊಡ್ಡವರ ಜೊತೆ ಜಗಳವಾಡಿ ಬೇರೆಯಾದ ಕಾಲದಲ್ಲಿ ಹೀಗೆ ಮೊದಲ ಸಲ ನಡೆದರಂತೆ. ಅವತ್ತು ಚಾಪೆಲ್ ಕಡೆಗೆ ಹೋದವರು ಇಬ್ಬರೇ: ಪಾದ್ರಿ ಮತ್ತು ಮಿಲ್ಲಿನ ಮಾಲೀಕ.

ಮಿಲ್ ಈಗಿಲ್ಲ. ಅದರ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಚಾಪೆಲ್ ಎಂಬ ಆ ಪುಟ್ಟ ಚರ್ಚಿನಲ್ಲಿ ಕಾರ್ಪೆಟ್ ಮಾರುತ್ತಾರೆ. ಆದರೂ ಕಡೆಗಳ ಹೆಸರು ಹಾಗೇ ಉಳಿದಿವೆ.

ಸೆಲ್ವಿನ್ ಗ್ಲೆಡ್‌ಹಿಲ್ ಆ ಮಿಲ್ಲಿಗೆ ಹದಿನೈದನೇ ವಯಸ್ಸಿನಲ್ಲಿ ಸೇರಿದವನು. ಉಣ್ಣೆ ಬಾಚುವ ಶೆಡ್ಡಿನಲ್ಲಿ ಇಪ್ಪತ್ತೊಂದು ವರ್ಷ, ಅದು ಬಾಗಿಲು ಹಾಕುವ ಶುಕ್ರವಾರದ ತನಕ ದುಡಿದ. ಈಗ ಅವನಿಗೆ ಎಪ್ಪತ್ತೆಂಟು. ಉಣ್ಣೆ ಬಾಚುವವರ ಊರು ಎಂದೇ ಕ್ಲಬ್ಬಿನ ತಂಡಕ್ಕೆ ಅವನ ಅಜ್ಜನ ಕಾಲದಿಂದ ಕೋಂಬರ್ಸ್ ಎಂಬ ಹೆಸರಿತ್ತು. ಯಾರೂ ಕುಳಿತು ಇಟ್ಟ ಹೆಸರಲ್ಲ ಅದು. ಎದುರಾಳಿ ಊರಿನವರು ಇವರ ಅಂಗಿಯ ಉಣ್ಣೆ ಜಿಡ್ಡಿನ ವಾಸನೆಗೆ ಮೂಗು ಮುಚ್ಚಿಕೊಂಡು ಬೈಯುತ್ತಿದ್ದ ಹೆಸರು, ಇವರು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು.

ಆಮೇಲೆ ಒಂದು ಕಾಲ ಬಂತು. ಕ್ಲಬ್ಬುಗಳೆಲ್ಲ ತಮ್ಮ ಊರ ಹೆಸರಿನ ಪಕ್ಕ ಹುಲಿ, ತೋಳ, ಗೂಳಿ ಅಂಟಿಸಿಕೊಳ್ಳತೊಡಗಿದವು. ಚಳಿಗಾಲದ ಆಟ ಬೇಸಿಗೆಗೆ ಬಂತು, ಟಿವಿಯವರು ಬಂದರು. ಕೋಲ್ಡರ್‌ಶಾದ ಆಗಿನ ಅಧ್ಯಕ್ಷ ಹಳೆ ಕಬ್ಬಿಣದ ವ್ಯಾಪಾರಿ. ಚಹಾ ಕುಡಿಯುತ್ತಾ ಕೋಬ್ರಾಸ್ ಎಂದ, ಅಷ್ಟೆ. ನಾಗರಹಾವು. ಮೇಲಿನ ಬೋಳುಗುಡ್ಡದಲ್ಲಿ ವರ್ಷಕ್ಕೊಂದು ಬಡಕಲು ಹಾವು ಕಂಡರೆ ಪತ್ರಿಕೆಯಲ್ಲಿ ಸುದ್ದಿಯಾಗುವ ಊರಿಗೆ ನಾಗರಹಾವು. ಆ ಚಳಿಗಾಲದಲ್ಲಿ ಸದಸ್ಯರು ಮೈದಾನಕ್ಕೆ ಇಳಿದು ನಡೆದರು. ಹೊಸ ಹೆಸರು ಬೇಡವೆಂದು ಚಾಪೆಲ್ ಕಡೆಗೆ ಹೋಗಿ ನಿಂತವರು ನಲವತ್ತೊಂದು ಜನ. ಆ ನಲವತ್ತೊಂದರಲ್ಲಿ ಈಗ ಉಳಿದವರು ಸೆಲ್ವಿನ್ ಸೇರಿ ಆರು.

ಇಪ್ಪತ್ತೇಳು ವರ್ಷ ಕಳೆದ ಮೇಲೆ, ಈ ಸೆಪ್ಟೆಂಬರಿನಲ್ಲಿ, ಸೆಲ್ವಿನ್ ತಾನೇ ಕ್ಲಬ್ಬಿಗೆ ಒಂದು ಕಾಗದ ಬರೆದುಕೊಟ್ಟ. ಅಕ್ಷರ ಅವನಿಗೆ ಅಷ್ಟೇನೂ ಒಲಿದಿದ್ದಲ್ಲ, ಬರೆಯಲು ಎರಡು ಸಂಜೆ ಹಿಡಿಯಿತು. ಕೋಬ್ರಾಸ್ ಎಂಬುದನ್ನು ಕೈಬಿಟ್ಟು ಕೋಂಬರ್ಸ್ ಎಂದು ಮತ್ತೆ ಕರೆಯಬೇಕು ಎಂಬುದೇ ಅದರ ಸಾರ. ಮುಂದಿನ ವರ್ಷದ ಅಂಗಿಗಳನ್ನು ಹೊಲಿಯಲು ಕೊಡುವ ಮುಂಚೆ ನಡೆದು ತೀರ್ಮಾನಿಸೋಣ ಎಂದು ಕ್ಲಬ್ಬು ಒಪ್ಪಿತು. ಭಾನುವಾರ, ಹೆಂಗಸರ ತಂಡದ ಪಂದ್ಯ ಮುಗಿದ ಕೂಡಲೇ.

ಆ ಹೆಂಗಸರ ತಂಡದಲ್ಲಿ ಎರಡನೇ ಸಾಲಿನಲ್ಲಿ ಆಡುವವಳು ಟೆಸ್, ಸೆಲ್ವಿನ್‌ನ ಮೊಮ್ಮಗಳು. ಇಪ್ಪತ್ತೆರಡು ವರ್ಷ. ಬಲಗೈಯ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಹೆಡೆ ಎತ್ತಿದ ನಾಗರವನ್ನು ಹಚ್ಚೆ ಹಾಕಿಸಿಕೊಂಡಿದ್ದಾಳೆ.

ಆ ಭಾನುವಾರ ಬೆಳಿಗ್ಗೆ ಅವಳು ತಾತನ ಅಡುಗೆಮನೆಯಲ್ಲಿ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದಳು.

"ತಾತ, ಕಿವಿ ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿದೀನಿ. ಕಿರುಚ್ಬೇಡ."

"ನಾನೆಲ್ಲಿ ಕಿರುಚಿದೆ? ಇಪ್ಪತ್ತು ವರ್ಷ ಕಿರುಚಿ ಕಿರುಚಿ ಅಭ್ಯಾಸ ಆಗೋಗಿದೆ."

ಮಿಲ್ಲಿನಲ್ಲಿ ದುಡಿದವರ ಕಿವಿ ಮೇಲಿನ ಸ್ವರಗಳಿಂದ ಸಾಯುತ್ತಾ ಬರುತ್ತದೆ. ಮೊದಲು ಹಕ್ಕಿಯ ಸದ್ದು ಹೋಗುತ್ತದೆ, ಆಮೇಲೆ ಕೆಟಲಿನದು, ಆಮೇಲೆ ಮಾತಿನೊಳಗಿನ ಸಕಾರಗಳು ಉದುರಿಹೋಗುತ್ತವೆ. ಲಾರಿಯ ಗುಡುಗು ಕೊನೆಯವರೆಗೆ ಕೇಳುತ್ತದೆ. ಸೆಲ್ವಿನ್ ಮೂರು ವಾರದ ಹಿಂದೆ ಆಸ್ಪತ್ರೆಯವರು ಕೊಟ್ಟ ಯಂತ್ರಗಳನ್ನು ಕಿವಿಗೆ ಹಾಕಿಕೊಂಡಾಗ ಮನೆಗೆ ನಡೆದು ಬರುವ ದಾರಿಯಲ್ಲಿ ಎರಡು ಸಲ ಹಿಂತಿರುಗಿ ನೋಡಿದ. ಯಾರೋ ಹಿಂಬಾಲಿಸುತ್ತಿದ್ದಾರೆ ಅಂದುಕೊಂಡಿದ್ದ. ಅದು ಅವನದೇ ಪ್ಯಾಂಟಿನ ಕಾಲುಗಳು ಒಂದಕ್ಕೊಂದು ಉಜ್ಜುವ ಸದ್ದು.

"ಇವತ್ತು ಎಲ್ಲಿ ನಿಲ್ತೀಯ ನೀನು?" ಎಂದು ಅವನು ಟೆಸ್‌ಳನ್ನು ಕೇಳಿದ. ಗೊತ್ತಿದ್ದೂ ಕೇಳಿದ.

"ಚಾಪೆಲ್ ಕಡೆ. ಇನ್ನೆಲ್ಲಿ? ನಾನು ಹುಟ್ಟಿದ್ದೇ ಕೋಬ್ರಾ ಆಗಿ. ನಿನ್ ಉಣ್ಣೆ ಬಾಚೋದನ್ನ ನಾನು ಕಣ್ಣಲ್ಲೂ ನೋಡಿಲ್ಲ."

"ನೋಡೋಕೆ ಸಿಗದೇ ಇರೋದಕ್ಕೇ ಹೆಸರು ಬೇಕಾಗೋದು, ಮಗಳೇ. ಎದುರಿಗೆ ಇದ್ದಿದ್ರೆ ಹೆಸರು ಯಾಕೆ? ಬೆರಳು ತೋರಿಸಿದ್ರೆ ಸಾಕಿತ್ತು."

ಟೆಸ್ ಇನ್ನೊಂದು ಬೂಟನ್ನು ಎತ್ತಿಕೊಂಡಳು. "ಹೆಸರು ಹೋದ್ರೆ ಬುಸ್ ಅನ್ನೋದೂ ಹೋಗತ್ತೆ ತಾತ. ಅದನ್ನ ಯೋಚ್ನೆ ಮಾಡಿದೀಯಾ? ಉಣ್ಣೆ ಬಾಚೋವ್ರು ಬುಸ್ ಅಂತಾರಾ?"

"ಹೋದ್ರೆ ಹೋಗ್ಲಿ ಬಿಡು. ಅದೊಂದು ಹುಚ್ಚಾಟ."

"ನಿಂಗೆ ಹುಚ್ಚಾಟ," ಎಂದು ಅವಳು ಬೂಟುಗಳನ್ನು ಚೀಲಕ್ಕೆ ಎಸೆದಳು. "ನಂಗೆ ಅದನ್ನ ಕೇಳಿದ್ರೆ ಕಾಲಿಗೆ ಜೀವ ಬರತ್ತೆ."

ಎದುರಾಳಿ ಗೋಲಿಗೆ ಒದೆಯಲು ಚೆಂಡಿಟ್ಟಾಗ ಕೋಲ್ಡರ್‌ಶಾದ ಜನ ಬೇರೆ ಊರಿನವರ ಹಾಗೆ ಕೂಗುವುದಿಲ್ಲ, ಶಿಳ್ಳೆ ಹಾಕುವುದಿಲ್ಲ. ಬುಸುಗುಟ್ಟುತ್ತಾರೆ. ಇಡೀ ಮೈದಾನ ಹಲ್ಲು ಕಚ್ಚಿ ಬುಸುಗುಟ್ಟುತ್ತದೆ. ಕೋಬ್ರಾಗಳಲ್ಲವೇ. ಹೊರಗಿನ ಆಟಗಾರರು ಅದಕ್ಕೆ ಹೆದರುತ್ತಾರೆ ಎಂಬುದು ಊರಿನ ಹೆಮ್ಮೆ.

ಅದನ್ನು ಶುರು ಮಾಡಿದವನು ಸೆಲ್ವಿನ್. ಇದನ್ನು ಅವನು ಯಾರಿಗೂ ಹೇಳಿದ್ದಿಲ್ಲ, ನಾಚಿಕೆಯಿಂದ. ಹೊಸ ಹೆಸರಿನ ಮೊದಲ ಪಂದ್ಯದ ದಿನ ಯಾರಿಗೋ ಹಸಿರು ಸ್ಪಂಜಿನ ಹಾವಿನ ವೇಷ ಹಾಕಿಸಿ ಗೆರೆಯುದ್ದಕ್ಕೂ ಕುಣಿಸಿದ್ದರು. ಮಿಲ್ ಮೂಲೆಯ ಕಟಕಟೆಗೆ ಒರಗಿದ್ದ ಸೆಲ್ವಿನ್‌ಗೆ ಅದನ್ನು ನೋಡಲಾಗಲಿಲ್ಲ. ಆ ವೇಷ ಎದುರಿಗೆ ಬಂದಾಗ ಬಗ್ಗಿ ಹಲ್ಲಿನ ಸಂದಿಯಿಂದ ಬುಸ್ಸೆಂದ. ಅಣಕಕ್ಕೆ. ಅಕ್ಕಪಕ್ಕದವರು ನಕ್ಕು ತಾವೂ ಬುಸುಗುಟ್ಟಿದರು, ಅವರ ಪಕ್ಕದವರೂ. ಅದೇ ಹೊತ್ತಿಗೆ ಎದುರು ತಂಡದವನು ಕೊನೆಯ ಒದೆತಕ್ಕೆ ಚೆಂಡಿಟ್ಟಿದ್ದ. ತಲೆ ಎತ್ತಿ ನೋಡಿದ, ಎರಡು ಸಲ ಹಿಂದೆ ಹೋಗಿ ಬಂದ, ಚೆಂಡನ್ನು ಚಾಪೆಲ್ ಮಾಡಿನ ಕಡೆಗೆ ಒದ್ದ. ಕೋಲ್ಡರ್‌ಶಾ ಒಂದು ಅಂಕದಿಂದ ಗೆದ್ದಿತು. ಮುಂದಿನ ವಾರ ಇಡೀ ಮೈದಾನ ಬುಸುಗುಟ್ಟಿತು. ತಾನು ದ್ವೇಷಿಸಿದ ಆಟಿಕೆ ಹಾವಿಗೆ ತಾನೇ ಧ್ವನಿ ಕೊಟ್ಟೆನಲ್ಲ ಎಂದು ಅವನು ಆಮೇಲೆ ಎಂದೂ ಬುಸ್ಸೆನ್ನಲಿಲ್ಲ. ಮೂರು ನಾಲ್ಕು ವರ್ಷದೊಳಗೆ ಆ ಸದ್ದು ಅವನ ಕಿವಿಯಿಂದಲೇ ಹೋಯಿತು. ಹಲ್ಲು ಕಚ್ಚಿ ನಿಂತ ಮುಖಗಳು ಮಾತ್ರ ಕಾಣುತ್ತಿದ್ದವು. ಅಷ್ಟು ಮಟ್ಟಿಗೆ ಕಿವುಡು ಒಳ್ಳೆಯದೇ ಆಯಿತು ಅಂದುಕೊಂಡಿದ್ದ.

ಮಧ್ಯಾಹ್ನ ಮೈದಾನದ ಹೊರಗೆ ಪೈ ಮಾರುವ ಕಿಟಕಿಯ ಹತ್ತಿರ ವಿನಿಫ್ರೆಡ್ ಕಾದು ನಿಂತಿದ್ದಳು. ಎಂಬತ್ತನಾಲ್ಕರ ಮುದುಕಿ. ಅದೇ ಮಿಲ್ಲಿನ ನೂಲುವ ಮಹಡಿಯಲ್ಲಿ ದುಡಿದವಳು, ಉಳಿದ ಆರು ಜನರಲ್ಲಿ ಒಬ್ಬಳು. ಅವಳೂ ಅವನೂ ಎಷ್ಟೋ ಸಲ ದನಿಯೇ ಇಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ. ಮಿಲ್ಲಿನ ಯಂತ್ರಗಳ ಗದ್ದಲದ ನಡುವೆ ಕಲಿತದ್ದು ಅದು, ಬಿಟ್ಟುಹೋಗಲಿಲ್ಲ.

"ಎಷ್ಟು ಜನ ಬರ್ತಾರೆ ನಮ್ ಕಡೆ?" ಎಂದ ಸೆಲ್ವಿನ್.

"ನಾನು ಮನೆ ಮನೆಗೂ ಹೋಗ್ಬಂದಿದೀನಿ ಚಿನ್ನ. ಮೊಳಕಾಲು ಬಿದ್ದೋಗಿದೆ. ಜಾಸ್ತಿನೇ ಬರ್ತಾರೆ. ನಲವತ್ತು ದಾಟಿದವ್ರಿಗೆಲ್ಲಾ ಈಗ ಅಪ್ಪನ ನೆನಪು ಬರ್ತಿದೆ. ಸತ್ತಮೇಲೆ ಬರತ್ತಲ್ಲ, ಆ ಥರ."

"ಟೆಸ್ ಆ ಕಡೆ ನಿಲ್ತಾಳಂತೆ."

"ನಿಂತ್ಕೊಳ್ಲಿ. ಸಾಯಂಕಾಲ ಚಹಾ ಮಾಡ್ಕೊಡು, ಸರಿಹೋಗ್ತಾಳೆ." ಅವಳು ಅವನ ಕಿವಿಯ ಹಿಂದೆ ಇಣುಕಿದಳು. "ಏನದು, ಬಟಾಣಿ ಸಿಕ್ಕಿಸ್ಕೊಂಡಂಗಿದೆ. ಕೇಳಿಸತ್ತಾ?"

"ನಿಂದೂ ಒಂದು ಜೊತೆ ತಗೋ ವಿನಿ."

"ಯಾಕೆ? ಜನ ಏನಂತಾರೋ ನಂಗೆ ಮೊದ್ಲೇ ಗೊತ್ತು."

ಸೆಲ್ವಿನ್ ನಕ್ಕ. ಆಮೇಲೆ ಮಿಲ್ ಇದ್ದ ಕಡೆ ತಿರುಗಿ ನೋಡಿದ. ಮಿಲ್ ಹೋಯಿತು. ಅದರ ಚಿಮಣಿಯನ್ನೂ ಒಂದು ಭಾನುವಾರ ಬೀಳಿಸಿದರು, ಜನ ಸ್ಯಾಂಡ್‌ವಿಚ್ ಕಟ್ಟಿಕೊಂಡು ಬಂದು ನೋಡಿದರು. ಕೆಲಸದ ಹಿಡಿಕೆಗಳು, ಬಾಚುವ ಮೊಳೆಗಳು, ಆ ಸೆಕೆ, ಆ ಜನ, ಯಾವುದೂ ಎಲ್ಲೂ ಉಳಿದಿಲ್ಲ. ಆರು ಮುದಿ ತಲೆಗಳಲ್ಲಿ ಮಾತ್ರ ಉಳಿದಿದೆ. ಅವೂ ಹೋದರೆ ನೂರೈವತ್ತು ವರ್ಷ ಒಂದು ಊರಿಗೆ ಊರೇ ಬೆವರಿದ್ದು ನಡೆದೇ ಇಲ್ಲವೇನೋ ಎಂಬ ಹಾಗಾಗುತ್ತದೆ. ಒಂದು ಹೆಸರಾದರೂ ಇರಲಿ. ಅವನು ಕೇಳಿದ್ದು ಅಷ್ಟೇ.

ಪಂದ್ಯ ಥಾರ್ನ್‌ಲೀ ಊರಿನವರ ಮೇಲೆ. ಏಳುನೂರು ಜನ ಇದ್ದರೇನೋ, ಹೆಂಗಸರ ಪಂದ್ಯಕ್ಕೆ ಅಷ್ಟು ಜನ ಸೇರುವುದು ಅಪರೂಪ. ತೀರ್ಮಾನಕ್ಕೆ ಬಂದವರೇ ಹೆಚ್ಚು. ಮೋಡ ಗುಡ್ಡದ ಹೆಗಲಿಗೆ ಇಳಿದಿತ್ತು. ಸೆಲ್ವಿನ್ ಎಂದಿನ ಮಿಲ್ ಮೂಲೆಯ ಕಟಕಟೆಗೆ ಒರಗಿ ನಿಂತ. ಕಿವಿಗೆ ಯಂತ್ರ ಹಾಕಿದ ಮೇಲೆ ಮೈದಾನಕ್ಕೆ ಬಂದದ್ದು ಇದೇ ಮೊದಲು. ಭುಜ ಭುಜಕ್ಕೆ ಬಡಿಯುವ ಸದ್ದು, ಆ ಹುಡುಗಿಯರ ಉಸಿರು, ಬೂಟಿನ ಮೊಳೆ ಹುಲ್ಲನ್ನು ಹರಿಯುವ ಸದ್ದು, ಎಲ್ಲವೂ ಹತ್ತಿರ ಬಂದಿದ್ದವು. ಟೆಸ್ ಒಬ್ಬಳನ್ನು ಸೊಂಟಕ್ಕೆ ಹಿಡಿದು ನೆಲಕ್ಕೆ ಹಾಕಿದಾಗ ಅವನೇ ಊಫ್ ಎಂದ.

ಕೋಲ್ಡರ್‌ಶಾ ಹದಿನಾಲ್ಕು, ಥಾರ್ನ್‌ಲೀ ಹನ್ನೆರಡು. ಇನ್ನು ಒಂದೇ ನಿಮಿಷ. ಆಗ ಟೆಸ್ ಕೆಡವಿದವಳನ್ನು ತಡವಾಗಿ ಬಿಟ್ಟಳೆಂದು ರೆಫರಿ ಸೀಟಿ ಊದಿ ಥಾರ್ನ್‌ಲೀಗೆ ಒದೆತ ಕೊಟ್ಟ. ಕಂಬಗಳ ನಡುವೆ ಹೋದರೆ ಎರಡು ಅಂಕ, ಸಮ. ಅವರ ಕೆಂಗೂದಲಿನ ಹುಡುಗಿ ಚೆಂಡನ್ನು ನಿಲ್ಲಿಸಿ ಐದು ಹೆಜ್ಜೆ ಹಿಂದೆ ಬಂದಳು.

ಸೆಲ್ವಿನ್‌ನ ಬೆನ್ನ ಹಿಂದೆ ಎಲ್ಲೋ ಒಂದೇ ಒಂದು ಬಾಯಿಂದ ಅದು ಹೊರಟಿತು. ಸಣ್ಣಗೆ. ಪಕ್ಕದವಳು ತೆಗೆದುಕೊಂಡಳು. ಅವಳಿಂದ ಮುಂದಿನ ಮೆಟ್ಟಿಲಿಗೆ ಹೋಯಿತು, ಅಲ್ಲಿಂದ ಉದ್ದನೆಯ ಸ್ಟ್ಯಾಂಡಿಗೆ, ಅಲ್ಲಿಂದ ಚಾಪೆಲ್ ಕಡೆಗೆ, ತಿರುಗಿ ಈ ಕಡೆಗೆ. ಯಾರೂ ಒಟ್ಟಿಗೆ ಶುರು ಮಾಡಲಿಲ್ಲ. ಕೇಳಿದವರು ಮುಂದಿನವರಿಗೆ ಕೊಟ್ಟರು. ಏಳುನೂರು ಹಲ್ಲಿನ ಸಾಲುಗಳ ಸಂದಿಯಿಂದ ಬಂದ ಆ ಸದ್ದು ಮಳೆ ಗುಡ್ಡದಿಂದ ಇಳಿದು ಬರುವ ಹಾಗೆ ಮೈದಾನದ ಮೇಲೆ ಹರಡಿ ನಿಂತಿತು.

ಸೆಲ್ವಿನ್ ಕಟಕಟೆಯಿಂದ ಎರಡೂ ಕೈಗಳನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

ತಾನೇಕೆ ಹಾಗೆ ಮಾಡಿದೆ ಎಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಕೈಗಳನ್ನೇ ನೋಡಿಕೊಂಡ. ಅವು ಎದೆಯ ಮುಂದೆ, ಅಂಗೈ ತನ್ನ ಕಡೆಗೆ ತಿರುಗಿ ನಿಂತಿದ್ದವು. ಆಮೇಲೆ ತಿಳಿಯಿತು. ಆ ಸದ್ದು ಕೇಳಿದರೆ ಕೈ ತೆಗೆಯಬೇಕು.

ಶೆಡ್ಡಿನಲ್ಲಿ ಕೂಗಿದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲ. ಉರಿಬಿಸಿಯಾದ ಆ ದುಂಡನೆಯ ಬಾಚಣಿಗೆ ಯಂತ್ರಗಳು ಗುಡುಗುತ್ತಾ ತಿರುಗುತ್ತಿದ್ದವು, ಸಾವಿರ ಮೊಳೆಗಳ ಅಂಚಿನಲ್ಲಿ ಗಂಡಸರ ಬೆರಳು. ಎಲ್ಲಾದರೂ ಪಟ್ಟಿ ಹರಿದರೆ, ಯಂತ್ರ ತಪ್ಪಿದರೆ, ಕಂಡವನು ಹಲ್ಲಿನ ಸಂದಿಯಿಂದ ಬುಸುಗುಟ್ಟುತ್ತಿದ್ದ. ಆ ಗದ್ದಲವನ್ನು ಸೀಳಿ ಹೋಗುವುದು ಅದೊಂದೇ ಸದ್ದು. ಕೇಳಿದವನು ಕೈ ಎಳೆದುಕೊಂಡು ಮುಂದಿನವನಿಗೆ ಬುಸುಗುಟ್ಟಬೇಕು, ಅವನು ಅದರ ಮುಂದಿನವನಿಗೆ. ಯಾಕೆಂದು ಕೇಳುವ ಹಾಗಿಲ್ಲ. ಶೆಡ್ಡಿನ ಆ ತುದಿಯಲ್ಲಿ ಏನೂ ಗೊತ್ತಿಲ್ಲದೆ ನಿಂತವನ ಹತ್ತು ಬೆರಳು ಉಳಿಯುತ್ತಿದ್ದದ್ದು ಹಾಗೆ. ಸೆಲ್ವಿನ್‌ನ ಹತ್ತು ಬೆರಳೂ ಇದ್ದವು. ಎರಡು ಸಲ ಹೀಗೇ ಉಳಿದ ಬೆರಳುಗಳು.

ಇಪ್ಪತ್ತೇಳು ವರ್ಷದ ಹಿಂದೆ ಆ ಸ್ಪಂಜಿನ ಹಾವಿನ ಮುಂದೆ ಬಗ್ಗಿದಾಗ ಅವನು ಹಾವನ್ನು ಅಣಕಿಸುತ್ತಿದ್ದೇನೆ ಅಂದುಕೊಂಡಿದ್ದ. ಅವನ ಬಾಯಿಗೆ ಹಾವಿನ ಬುಸು ಎಲ್ಲಿಂದ ಗೊತ್ತಿರಬೇಕು? ಅವನು ಹಾವನ್ನು ಕಂಡಿದ್ದೇ ಇಲ್ಲ. ಬಾಯಿಗೆ ಗೊತ್ತಿದ್ದದ್ದು ಒಂದೇ ಬುಸು. ಅದನ್ನೇ ಕೊಟ್ಟಿದ್ದ. ಅಕ್ಕಪಕ್ಕದಲ್ಲಿ ನಿಂತಿದ್ದವರೂ ಶೆಡ್ಡಿನವರೇ. ಅವರು ಕೇಳಿದ್ದನ್ನು ಮುಂದಕ್ಕೆ ಕೊಟ್ಟಿದ್ದರು, ಅಭ್ಯಾಸಬಲದಿಂದ. ಅವರೆಲ್ಲ ಸತ್ತರು. ಅವರಿಂದ ಕೇಳಿಸಿಕೊಂಡವರ ಮಕ್ಕಳು ಈಗ ಬೆನ್ನ ಹಿಂದೆ ನಿಂತು ಅದೇ ಕ್ರಮದಲ್ಲಿ, ಒಬ್ಬರಿಂದ ಒಬ್ಬರಿಗೆ, ಯಾಕೆಂದು ಕೇಳದೆ ದಾಟಿಸುತ್ತಿದ್ದರು. ಉಣ್ಣೆಯ ಎಳೆಯನ್ನೇ ಕಾಣದ ಹುಡುಗಿಯರು. ಲಾರಿ ಓಡಿಸುವವರು, ಅಂಗಡಿಯವರು, ದೂರದ ದೇಶದಿಂದ ಬಂದು ನೆಲೆಸಿದವರ ಮಕ್ಕಳು.

ಆ ಸದ್ದಿನೊಳಗೆ ಶೆಡ್ಡು ಇಡಿಯಾಗಿ ನಿಂತಿತ್ತು. ಅದರ ಉದ್ದ, ಅದರ ಸೆಕೆ, ಸಾಲಾಗಿ ನಿಂತ ಗಂಡಸರ ಬಗ್ಗಿದ ಬೆನ್ನುಗಳು. ಚರ್ಚಿಗೆ ಹೋಗುವವನಲ್ಲ ಸೆಲ್ವಿನ್. ಆದರೂ ತಲೆಯ ಮೇಲಿನ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕೆಂಗೂದಲಿನ ಹುಡುಗಿಯ ಬೂಟು ಚೆಂಡಿಗೆ ತಗುಲಿತು. ಬುಸು ಒಂದೇ ಏಟಿಗೆ ಕತ್ತರಿಸಿದ ಹಾಗೆ ನಿಂತಿತು. ಆ ನಿಶ್ಶಬ್ದದಲ್ಲಿ ಚೆಂಡು ನಿಧಾನವಾಗಿ ಹೊರಳುತ್ತಾ ಕಂಬಗಳ ನಡುವೆ ಹೋಯಿತು. ಹದಿನಾಲ್ಕು, ಹದಿನಾಲ್ಕು.

"ಗಂಡೆದೆ ಆ ಹುಡುಗಿದು," ಎಂದು ಯಾರೋ ಹೇಳಿದರು, ಜನ ಚಪ್ಪಾಳೆ ತಟ್ಟಿದರು.

ಕಾಲು ಗಂಟೆಯೊಳಗೆ ಅಧ್ಯಕ್ಷ ಕ್ಲೈವ್ ಬೂಥ್ ಗಂಟೆ ಹಿಡಿದು ನಡುಗೆರೆಗೆ ಬಂದ. ಮಾಂಸದ ಅಂಗಡಿಯವನು, ಎಲ್ಲಿ ನಿಂತರೂ ಅಂಗಡಿಯ ಕಟ್ಟೆಯ ಹಿಂದೆ ನಿಂತವನ ಹಾಗೆ ಮಾತಾಡುತ್ತಾನೆ.

"ಕೇಳಿ. ಹೆಸರು ಬದ್ಲಾಗ್ಬೇಕು ಅನ್ನೋವ್ರು ಮಿಲ್ ಕಡೆ. ಇರ್ಲಿ ಅನ್ನೋವ್ರು ಚಾಪೆಲ್ ಕಡೆ. ನಡುವೆ ನಿಂತ್ಕೊಂಡು ಹರಟೆ ಹೊಡಿಯೋವ್ರು ಎಣಿಕೆಗಿಲ್ಲ. ಎಲ್ರೂ ನಿಂತ್ಮೇಲೆ ಐದ್ ನಿಮಿಷ ಬಿಡ್ತೀನಿ, ಮನಸ್ಸು ಬದ್ಲಾಯ್ಸೋವ್ರು ನಡ್ಕೊಂಡ್ ಬರ್ಬೋದು, ಓಡೋ ಹಾಗಿಲ್ಲ. ಮಾತೆತ್ತಿದವ್ರೇ ದಾಟಿದ್ರೆ ಮಾತು ಬಿತ್ತು ಅಂತ ಲೆಕ್ಕ. ಆಮೇಲೆ ಗಂಟೆ. ಸೆಲ್ವಿನ್, ಹೊರಡು ಗುರುವೇ. ಮೆಲ್ಲಗೆ, ಜಾರತ್ತೆ."

ಸೆಲ್ವಿನ್ ಒಬ್ಬನೇ ಮಿಲ್ ಕಡೆಯ ಕಂಬಗಳ ಕಡೆಗೆ ನಡೆದ. ಹುಲ್ಲು ಕೆಸರಾಗಿತ್ತು. ಟೋಪಿ ಇನ್ನೂ ಕೈಯಲ್ಲಿತ್ತು. ಗೆರೆ ಮುಟ್ಟಿ ತಿರುಗಿದಾಗ ಜನ ನಡೆಯತೊಡಗಿದ್ದರು. ನಾಲ್ಕುನೂರು ಸದಸ್ಯರ ಬೂಟುಗಳು ಒದ್ದೆ ನೆಲದ ಮೇಲೆ ಎತ್ತಿ ಇಡುವ ಸದ್ದು ಅವನ ಕಿವಿಗೆ ಬಂತು. ವಿನಿಫ್ರೆಡ್ ಸುಳ್ಳು ಹೇಳಿರಲಿಲ್ಲ. ಅವನ ಕಡೆಗೆ ಬರುತ್ತಲೇ ಇದ್ದರು. ಅಪ್ಪಂದಿರು ಶೆಡ್ಡಿನಲ್ಲಿ ದುಡಿದವರು, ಅಜ್ಜಿಯರು ನೂತವರು. ಕೆಲವರು ಹತ್ತಿರ ಬಂದು ಭುಜ ತಟ್ಟಿದರು.

ಚಾಪೆಲ್ ಕಡೆ ನಿಂತವರು ಹೆಚ್ಚಾಗಿ ಮೂವತ್ತರೊಳಗಿನವರು. ಕೆಸರು ಮೆತ್ತಿದ ಹದಿಮೂರು ಹುಡುಗಿಯರು ಮುಂದಿನ ಸಾಲಿನಲ್ಲಿ. ಟೆಸ್ ಅಂಗಿಯ ತೋಳನ್ನು ಮಡಚಿ ನಿಂತಿದ್ದಳು. ಕೈಯ ಹಾವು ಅಷ್ಟು ದೂರಕ್ಕೂ ಕಾಣುತ್ತಿತ್ತು.

"ಗೆದ್ವಿ," ಎಂದಳು ವಿನಿಫ್ರೆಡ್, ಅವನ ಪಕ್ಕಕ್ಕೆ ಬಂದು ಏದುಸಿರು ಬಿಡುತ್ತಾ. "ಲೆಕ್ಕ ಹಾಕು. ಮೂವತ್ತು ನಲವತ್ತು ಜನ ಜಾಸ್ತಿ ಇದಾರೆ ನಮ್ ಕಡೆ. ಗೆದ್ವಿ ಕಣೋ ಸೆಲ್ವಿನ್."

ಅವನು ಎದುರಿನವರನ್ನೇ ನೋಡುತ್ತಿದ್ದ. ಇವರಿಗೆ ಹೇಳಿಬಿಡಬಹುದು ಎನಿಸಿತು. ನೀವು ಬುಸ್ಸೆನ್ನುವುದು ಶೆಡ್ಡಿನದು, ಹೆಸರು ಬದಲಾದರೂ ಅದನ್ನು ಇಟ್ಟುಕೊಳ್ಳಿ ಎನ್ನಬಹುದು. ಅವರು ತಲೆ ಆಡಿಸುತ್ತಾರೆ. ಮರ್ಯಾದೆಗೆ ಇಟ್ಟುಕೊಳ್ಳುತ್ತಾರೆ. ಗೋಡೆಗೆ ಒಂದು ಫಲಕ ಹೊಡೆಯುತ್ತಾರೆ. ಒಂದು ವರ್ಷ, ಎರಡು ವರ್ಷ. ಹೇಳಿ ಮಾಡಿಸಿದ್ದು ಪಾಠವಾಗುತ್ತದೆ, ಪಾಠವನ್ನು ಮಕ್ಕಳು ಮರೆಯುತ್ತಾರೆ. ಇವರ ಬಾಯಿಂದ ಆ ಸದ್ದು ಬರುತ್ತಿರುವುದು ತಾವು ಕೋಬ್ರಾಗಳು ಎಂದು ನಂಬಿರುವುದರಿಂದ. ಆ ನಂಬಿಕೆಯ ಬುಟ್ಟಿಯೊಳಗೆ ಕುಳಿತು ಅದು ಇಪ್ಪತ್ತೇಳು ವರ್ಷ ಬಂದಿದೆ. ಬುಟ್ಟಿಯನ್ನು ತಾನೀಗ ಮುರಿಯಲು ಬಂದಿದ್ದೇನೆ.

ಅವನಿಗೆ ಹೆಸರು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಈಗಲೂ ಆ ಗೆರೆಯ ಮೇಲೆ ಕಾಲು ಊರಿಕೊಂಡು ನಿಂತಿತ್ತು. ಅದು ಕಿತ್ತು ಬರಲು ಹೊತ್ತು ಹಿಡಿಯಿತು.

"ಇನ್ನು ಮೂರ್ ನಿಮಿಷ," ಎಂದ ಕ್ಲೈವ್.

ಸೆಲ್ವಿನ್ ಟೋಪಿಯನ್ನು ತಲೆಗೆ ಹಾಕಿಕೊಂಡು ಚಾಪೆಲ್ ಕಡೆಗೆ ಹೊರಟ.

ಮೊದಲು ಜನಕ್ಕೆ ಅರ್ಥವಾಗಲಿಲ್ಲ. ಮುದುಕನಿಗೆ ಮೂತ್ರಕ್ಕೆ ಅವಸರವೇನೋ ಅಂದುಕೊಂಡರು. ಅವನು ಹತ್ತು ಗಜ ದಾಟಿದ ಮೇಲೆ ಹಿಂದಿನಿಂದ ಗದ್ದಲ ಎದ್ದಿತು. "ಏ ಸೆಲ್ವಿನ್, ದಿಕ್ಕು ತಪ್ಪಿದ್ಯಾ? ಅದು ಆ ಕಡೆ!" "ಅವ್ನಿಗೆ ತಲೆ ಕೆಟ್ಟಿದೆ, ಹಿಡ್ಕೊಳ್ರಪ್ಪಾ." ಹಿಡಿಯುವ ಹಾಗಿರಲಿಲ್ಲ, ಕ್ರಮ ಅದು. ನಡುಗೆರೆ ಬಂದಾಗ ಕ್ಲೈವ್ ಗಂಟೆಯನ್ನು ಎರಡೂ ಕೈಗಳಿಂದ ಹಿಡಿದು ಅವನ ಮುಖ ನೋಡಿದ.

"ಗೊತ್ತಿದೆ ತಾನೇ ನಿಂಗೆ, ಏನ್ ಮಾಡ್ತಿದೀಯ ಅಂತ? ನೀನು ದಾಟಿದ್ರೆ ಮುಗೀತು."

"ಗೊತ್ತಿದೆ."

"ನೀನು ಗೆಲ್ತಿದೀಯ ಮಾರಾಯ."

"ಅದೂ ಗೊತ್ತಿದೆ ಕ್ಲೈವ್. ದಾರಿ ಬಿಡು, ಮೊಳಕಾಲು ನೋಯ್ತಿದೆ."

ಅವನು ಅಲ್ಲಿ ಒಮ್ಮೆ ತಿರುಗಿ ನೋಡಿದ. ವಿನಿಫ್ರೆಡ್ ಗುಂಪಿನಿಂದ ಮುಂದೆ ಬಂದು ಗೆರೆಯ ಮೇಲೆ ನಿಂತಿದ್ದಳು. ಐವತ್ತು ಗಜದಿಂದ ಅವಳ ತುಟಿ ಆಡಿತು, ದನಿಯಿಲ್ಲದೆ. ಮಿಕ್ಕವರಿಗೆ ಅದು ಮುದುಕಿ ಬಾಯಿ ಚಪ್ಪರಿಸಿದ ಹಾಗೆ ಕಂಡಿರಬೇಕು.

ಎಲ್ಲಿಗ್ ಹೊರಟ್ಯೋ, ಕತ್ತೆ?

ಸೆಲ್ವಿನ್‌ನ ತುಟಿ ಹೇಳಿತು: ಕೇಳಿಸ್ತು ನಂಗೆ.

ಏನು?

ಶೆಡ್ಡು.

ಅವಳು ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳ ತುಟಿ ಹೇಳಿತು: ನಂಗೇನೂ ಕೇಳಿಸಿಲ್ಲ. ನಾನ್ ಬರಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಳು. ಅವಳು ಹೇಳಿದ್ದು ಸರಿಯೇ ಎಂದು ಸೆಲ್ವಿನ್‌ಗೆ ಅನ್ನಿಸಿತು. ಕೇಳದ್ದಕ್ಕೆ ಯಾರು ನಡೆಯಬೇಕು?

ಅವನು ಚಾಪೆಲ್ ಗೆರೆ ದಾಟಿದಾಗ ಕ್ಲೈವ್ ಗಂಟೆ ಬಾರಿಸಿದ. ಯಾರೂ ಜಯಘೋಷ ಮಾಡಲಿಲ್ಲ. ಗೆದ್ದವರಿಗೂ ಏನು ನಡೆಯಿತೆಂದು ತಿಳಿದಿರಲಿಲ್ಲ. ಹುಡುಗಿಯರು ಅವನಿಗೆ ಜಾಗ ಬಿಟ್ಟು ಸರಿದರು, ಆಸ್ಪತ್ರೆಯಲ್ಲಿ ಸರಿಯುವ ಹಾಗೆ. ಟೆಸ್ ಬಂದು ಅವನ ಮೊಣಕೈ ಹಿಡಿದಳು.

"ನನಗೋಸ್ಕರ ಮಾಡಿದ್ಯಾ ತಾತ? ನನಗೋಸ್ಕರ ಆಗಿದ್ರೆ ನಾನು ನಿನ್ ಜೊತೆ ಮಾತಾಡಲ್ಲ."

"ನಿನಗೋಸ್ಕರ ಅಲ್ಲ."

"ಮತ್ತೆ?"

ಜನ ಚದುರುತ್ತಿದ್ದರು. ಮಿಲ್ ಕಡೆಯವರಲ್ಲಿ ಒಬ್ಬಿಬ್ಬರು ಅವನ ಕಡೆ ನೋಡದೆ ಹೋದರು. ಅದು ಒಂದು ವರ್ಷವಾದರೂ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನು ಕಂಬಕ್ಕೆ ಕಟ್ಟಿದ ದಪ್ಪ ಸ್ಪಂಜಿಗೆ ಬೆನ್ನು ಕೊಟ್ಟು ನಿಂತ. ಹೇಳುವುದೋ ಬೇಡವೋ ಎಂದು ಯೋಚಿಸಿದ. ಇವಳೊಬ್ಬಳಿಗೆ ಹೇಳಿದರೆ ಏನೂ ಆಗದು ಎನಿಸಿತು.

"ಆ ಬುಸ್ ಅನ್ನೋದು," ಎಂದ. "ಅದನ್ನ ಶುರು ಮಾಡಿದ್ದು ನಾನು."

ಟೆಸ್ ಅವನ ಮುಖ ನೋಡಿದಳು. ಆಮೇಲೆ ನಕ್ಕಳು, ಪ್ರೀತಿಯಿಂದಲೇ. "ಹೋಗು ತಾತ. ಅದನ್ನ ಶುರು ಮಾಡಿದ್ದು ಲೈಬ್ರರಿ ಮೇಡಂ, ಮಿಸೆಸ್ ಪಿಕಲ್ಸ್. ಪಕ್ಕದಲ್ಲಿ ಗಲಾಟೆ ಮಾಡ್ತಿದ್ದ ಮಕ್ಕಳಿಗೆ ಸುಮ್ನಿರಿ ಅಂತ ಉಸ್ಸ್ ಅಂದ್ಲಂತೆ, ಅದನ್ನ ಕೇಳ್ಕೊಂಡು ಎಲ್ರೂ ಅಂದ್ರಂತೆ. ಎಲ್ರಿಗೂ ಗೊತ್ತು ಅದು. ಅವಳ ಹೆಸರಲ್ಲಿ ಬೆಂಚೇ ಇದ್ಯಲ್ಲ."

"ಮಿಸೆಸ್ ಪಿಕಲ್ಸಾ?"

"ಹೂಂ."

ಸೆಲ್ವಿನ್ ಆ ಬೆಂಚಿನ ಮೇಲೆ ಎಷ್ಟೋ ಸಲ ಕುಳಿತಿದ್ದ. ಅದು ಯಾಕಿದೆ ಎಂದು ಕೇಳಿರಲಿಲ್ಲ. ಆ ಹೆಂಗಸಿನ ಮುಖ ನೆನಪಿಗೆ ಬಂತು. ಕನ್ನಡಕ, ಹಸಿರು ಕೋಟು, ಯಾವಾಗಲೂ ಉದ್ದನೆಯ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದಳು. ತನ್ನ ಬಾಯಿಂದ ಹೊರಟದ್ದು ತನ್ನನ್ನೂ ದಾಟಿ, ತನಗೆ ಗೊತ್ತಿಲ್ಲದ ಕತೆ ಕಟ್ಟಿಕೊಂಡು, ತನಗೆ ಗೊತ್ತಿಲ್ಲದವರ ಕೈ ಹಿಡಿದು ಎಷ್ಟು ದೂರ ಹೋಗಿದೆ ಎಂದು ಅವನು ಬೆರಗಾದ. ತನ್ನ ಹಂಗೇ ಅದಕ್ಕಿಲ್ಲ.

"ಒಳ್ಳೆ ಹೆಂಗಸು," ಎಂದ.

"ನೀನು ಯಾವತ್ತೂ ಬುಸ್ ಅಂದಿದ್ದೇ ನಾನ್ ನೋಡಿಲ್ಲ. ಬಾ, ಈಗ ಅನ್ನು. ಈಗ ನೀನೂ ಚಾಪೆಲ್ ಕಡೆಯವ್ನು."

ಅವನು ಅಂದ. ಕಟ್ಟಿಸಿಕೊಂಡ ಹಲ್ಲುಗಳ ನಡುವಿನಿಂದ ಗಾಳಿ ಹೊರಬಂದು ಬರೀ ಉಗುಳು ಹಾರಿತು.

ಟೆಸ್ ತಲೆ ಅಲ್ಲಾಡಿಸಿದಳು. ಕೆಸರು ಕೈಯಿಂದ ಅವನ ಗಲ್ಲ ಹಿಡಿದು ಸ್ವಲ್ಪ ಕೆಳಗೆ ಇಳಿಸಿದಳು. "ಹಾಗಲ್ಲ. ನಾಲಿಗೆ ತುದಿ ಕೆಳಗಿನ ಹಲ್ಲಿಗೆ ತಾಗಿಸು. ಹಾಂ, ಅಲ್ಲಿ. ಈಗ ಹೊಟ್ಟೆಯಿಂದ ಬಿಡು, ಗಂಟಲಿಂದ ಅಲ್ಲ. ನನ್ನ ನೋಡು."

ಸೆಲ್ವಿನ್ ಅವಳ ಬಾಯನ್ನೇ ನೋಡುತ್ತಾ, ಹೇಳಿಕೊಟ್ಟ ಹಾಗೆ ನಾಲಿಗೆಯನ್ನು ಇಟ್ಟುಕೊಂಡ.